ಹಳೇ ಶಿಫ್ಟರ್ ಕೊಳ್ಳುವ ಮುಂಚೆ ಕ್ಲಿಕ್ ಎಣಿಸಿ

ಗೇರ್ ಸೈಕಲ್ಲಿನ ಹಳೇ ಸಾಮಾನು ಮಾರುವವರು ಶಿಫ್ಟರ್ (ಹ್ಯಾಂಡಲ್ ಮೇಲೆ ಗೇರ್ ಬದಲಾಯಿಸುವ ಸಾಧನ) ಕೈಗಿಟ್ಟು "18 ಗೇರಿಂದು ಸರ್" ಅಂತಾರೆ. ಇದರಿಂದ ನಮಗೇನೂ ಗೊತ್ತಾಗುವುದಿಲ್ಲ. ಮುಂದೆ ಪೆಡಲ್ ಹತ್ತಿರ ಮೂರು ಹಲ್ಲುಚಕ್ರ, ಹಿಂದೆ ಆರು ಇದ್ದರೂ 18. ಮುಂದೆ ಎರಡು, ಹಿಂದೆ ಒಂಬತ್ತು ಇದ್ದರೂ 18. ಎಡಗೈ ಶಿಫ್ಟರ್ ಬದಲಾಯಿಸುವುದು ಮುಂದಿನ ಗೇರನ್ನು ಮಾತ್ರ. ಅದು ಬೇಕಾದವರು ಈ ಗುಣಾಕಾರ ಬಿಟ್ಟು ಮುಂದಿನ ಚೈನ್‌ರಿಂಗ್, ಅಂದರೆ ಮುಂದಿನ ಹಲ್ಲುಚಕ್ರ, ಎಷ್ಟು ಅಂತ ಮಾತ್ರ ನೋಡಬೇಕು.

ನನ್ನ ಸೈಕಲ್ಲಿನಲ್ಲಿ ಮುಂದೆ 42-34-24 ಹಲ್ಲಿನ ಮೂರು ರಿಂಗ್, ಹಿಂದೆ ಏಳು. ಮೊದಲಿದ್ದದ್ದು ಹಿಡಿ ತಿರುಗಿಸುವ ಶಿಫ್ಟರ್. ಅದರ ಒಳಗಿನ ಪ್ಲಾಸ್ಟಿಕ್ ಸವೆದು, ದೊಡ್ಡ ರಿಂಗಿಗೆ ಹಾಕಿದರೆ ಚೈನ್ ತಾನಾಗಿ ಕೆಳಗೆ ಇಳಿಯುತ್ತಿತ್ತು. ಮೈಸೂರಿನಲ್ಲಿದ್ದುಕೊಂಡು ಚಾಮುಂಡಿ ಬೆಟ್ಟ ಹತ್ತದೆ ಇರೋಕಾಗಲ್ಲ, ಹಾಗಾಗಿ 24ರ ರಿಂಗ್ ಬಿಟ್ಟುಕೊಡುವ ಮಾತೇ ಇಲ್ಲ. ಬಲಗಡೆಯದು ಚೆನ್ನಾಗಿತ್ತು. ಎಡಗಡೆಯದೊಂದೇ ಹುಡುಕಿದೆ.

ಈಗ ಎಡಗಡೆಯದು ಒಂಟಿಯಾಗಿ ಸುಲಭಕ್ಕೆ ಸಿಗುತ್ತದೆ. ಮುಂದೆ ಒಂದೇ ರಿಂಗ್ ಇಟ್ಟುಕೊಳ್ಳುವ ಪದ್ಧತಿ ಬಂದಮೇಲೆ ಜನ ಎಡಗೈ ಶಿಫ್ಟರ್ ಬಿಚ್ಚಿ ಡಬ್ಬಿಗೆ ಹಾಕಿಬಿಡುತ್ತಾರೆ. ಮುಂದಿನ ಗೇರನ್ನು ದಿನಕ್ಕೆ ಎಷ್ಟು ಸಲ ಬದಲಾಯಿಸುತ್ತೀವಿ ಹೇಳಿ? ಹಾಗಾಗಿ ಅವು ಸವೆದಿರುವುದೂ ಕಮ್ಮಿ. ಹಿಂದೆ ಆರೋ ಏಳೋ ಎಂಟೋ ಅನ್ನುವುದು ಎಡಗಡೆಗೆ ಲೆಕ್ಕಕ್ಕಿಲ್ಲ. ಎಂಟರ ಜೋಡಿಯಿಂದ ಬಿಚ್ಚಿದ ಶಿಮಾನೋ ಕಂಪನಿಯ ಎಡ ಶಿಫ್ಟರ್ ನನ್ನ ಏಳರ ಸೈಕಲ್ಲಿಗೆ ಸರಿಯಾಗಿ ಕೂತಿದೆ.

ನಾನು ಅಂಗಡಿಯಲ್ಲೇ ಕ್ಲಿಕ್ ಎಣಿಸುತ್ತೇನೆ. ಕೇಬಲ್ ಇದ್ದರೆ ಅದರ ತುದಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಲಿವರ್ ಒತ್ತಬೇಕು. ಕೇಬಲ್ ಎರಡು ಸಲ ಒಳಗೆ ಹೋಗಿ ನಿಂತರೆ ಮೂರು ರಿಂಗಿನದು. ಒಂದೇ ಸಲವಾದರೆ ಎರಡು ರಿಂಗಿನದು. ತಳದಲ್ಲಿ ಮಾದರಿ ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನೂ ಫೋನಿನ ಬೆಳಕಲ್ಲಿ ಓದಿಕೊಳ್ಳಿ. ರೋಡ್ ಸೈಕಲ್ಲಿನ ಶಿಫ್ಟರ್ ಎಳೆಯುವ ಕೇಬಲ್ ಅಳತೆಯೇ ಬೇರೆ. ಅದನ್ನು ಎಂಟಿಬಿ (ಮೌಂಟನ್ ಬೈಕ್) ಡಿರೇಲರಿಗೆ, ಅಂದರೆ ಚೈನನ್ನು ರಿಂಗಿಂದ ರಿಂಗಿಗೆ ತಳ್ಳುವ ಭಾಗಕ್ಕೆ, ಸೇರಿಸಿದರೆ ಕ್ಲಿಕ್ ಒಂದು ಕಡೆ, ಚೈನ್ ಒಂದು ಕಡೆ.

ನನಗೆ ಸಿಕ್ಕಿದ್ದರಲ್ಲಿ ಕ್ಲಿಕ್ಕೇ ಬರುತ್ತಿರಲಿಲ್ಲ. ಲಿವರ್ ಸುಮ್ನೆ ಹಿಂದೆ ಮುಂದೆ ಓಡಾಡುತ್ತಿತ್ತು. ಮಾರುವವರು "ಹೋಗಿದೆ" ಅಂತ ಬೆಲೆ ಇಳಿಸಿದರು. ವರ್ಷಗಟ್ಟಲೆ ಸುಮ್ಮನೆ ಬಿದ್ದ ಶಿಫ್ಟರುಗಳಲ್ಲಿ ಇದು ಮಾಮೂಲಿ. ಒಳಗಿನ ಗ್ರೀಸ್ ಒಣಗಿ ಅಂಟಾಗುತ್ತದೆ. ಹಲ್ಲಿಗೆ ಕಚ್ಚಿಕೊಳ್ಳಬೇಕಾದ ಪುಟ್ಟ ಕೊಕ್ಕೆ ಆ ಅಂಟಿನಲ್ಲಿ ಸಿಕ್ಕಿಕೊಂಡು ಮೇಲೇಳುವುದಿಲ್ಲ. ಮೇಲಿನ ಮುಚ್ಚಳ ತೆಗೆದು ಡಬ್ಲ್ಯೂಡಿ-40 ಸ್ಪ್ರೇ ಧಾರಾಳವಾಗಿ ಹೊಡೆದೆ. ಹಳದಿ ಬೆಲ್ಲದ ಪಾಕದಂಥದ್ದು ಇಳಿಯತೊಡಗಿತು. ಒತ್ತುತ್ತಾ ಹೊಡೆಯುತ್ತಾ ಇದ್ದ ಹಾಗೆ ಮೊದಲ ಕ್ಲಿಕ್ ಕೇಳಿಸಿತು. ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟೆ. ಮತ್ತೆ ಗ್ರೀಸ್ ತುಂಬಬೇಡಿ. ಒಳಗಿನ ಭಾಗ ಬಿಚ್ಚುವ ಸಾಹಸವೂ ಬೇಡ, ಸ್ಪ್ರಿಂಗ್ ಹಾರಿದರೆ ಹುಡುಕೋದು ಕಷ್ಟ.

ಕೂರಿಸುವಾಗ ಡಿರೇಲರ್ ಜಾಗದಲ್ಲಿದೆಯೇ ಅಂತ ಮೊದಲು ನೋಡಿ. ಅದರ ಹೊರತಗಡು ದೊಡ್ಡ ರಿಂಗಿನ ಹಲ್ಲಿಗಿಂತ 1ರಿಂದ 3 ಮಿಲಿಮೀಟರ್ ಮೇಲಿರಬೇಕು, ರಿಂಗಿಗೆ ಸಮಾನಾಂತರವಾಗಿರಬೇಕು. ಆಮೇಲೆ ಮುಂದೆ ಚಿಕ್ಕ ರಿಂಗ್, ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಿ, ಒಳತಗಡು ಚೈನಿಗೆ ಉಜ್ಜದಂತೆ ಡಿರೇಲರ್ ಒಳಗಡೆ ಎಷ್ಟು ಸರಿಯಬೇಕು ಅಂತ ಮಿತಿ ಹಾಕುವ ಎಲ್ ಸ್ಕ್ರೂ ತಿರುಗಿಸಿ. ಶಿಫ್ಟರನ್ನು ಕೊನೆಯವರೆಗೂ ಸಡಿಲ ಬಿಟ್ಟು, ಕೇಬಲ್ ಎಳೆದು ಬಿಗಿ ಮಾಡಿ. ಹೊರಗಡೆಗೆ ಮಿತಿ ಹಾಕುವ ಎಚ್ ಸ್ಕ್ರೂ ಸರದಿ ಕೊನೆಗೆ. ಕೇಬಲ್ ಮಾತ್ರ ಹೊಸದು ಹಾಕಿ, ಇಲ್ಲಿ ಜುಗ್ಗತನ ಬೇಡ. ಗೇರಿನದು 1.2 ಮಿಲಿಮೀಟರ್ ದಪ್ಪ, ಬ್ರೇಕಿನದು ಜಾಸ್ತಿ ದಪ್ಪ. ಅವಸರದಲ್ಲಿ ಅಂಗಡಿಯವರು ಬ್ರೇಕಿನದನ್ನೇ ಕೊಟ್ಟುಬಿಡುತ್ತಾರೆ.

ಪಕ್ಕದ ಮನೆ ಹುಡುಗನ ಸೈಕಲ್ಲಿಗೆ ಮುಂದೆ ಎರಡೇ ರಿಂಗ್, 46-30. ಎರಡರ ಶಿಫ್ಟರ್ ಸಿಗಲಿಲ್ಲ. "ಅಂಕಲ್, ಮೂರರದ್ದು ಹಾಕಿದ್ರೆ ಆಗಲ್ವಾ?" ಅಂದ. ಆಗುತ್ತದೆ. ಎರಡರದ್ದನ್ನು ಮೂರು ರಿಂಗಿಗೆ ಹಾಕಿದರೆ ಒಂದು ರಿಂಗ್ ದಂಡ, ಆದರೆ ಮೂರರದ್ದು ಎರಡಕ್ಕೆ ನಡೆಯುತ್ತದೆ. ಮೊದಲ ಎರಡು ಸ್ಥಾನ ಬಳಸಿ, ಅದಕ್ಕಿಂತ ಆಚೆ ಹೋಗದಂತೆ ಎಚ್ ಸ್ಕ್ರೂನಿಂದ ತಡೆಯುವುದು ಒಂದು ದಾರಿ. ಆದರೆ ಹುಡುಗರು ಸುಮ್ಮನಿರ್ತಾರಾ? ಮೂರನೇ ಸ್ಥಾನಕ್ಕೆ ಬಲವಾಗಿ ಒತ್ತಿ ಕೇಬಲ್ ಹಾಳು ಮಾಡುತ್ತಾರೆ. ಹಾಗಾಗಿ ನಾನು ಎರಡನೇ ಮತ್ತು ಮೂರನೇ ಸ್ಥಾನ ಬಳಸಿದೆ, ಅಂದರೆ ಶಿಫ್ಟರ್ ನಡುವಿನಲ್ಲಿದ್ದಾಗ ಕೇಬಲ್ ಬಿಗಿದೆ. ಪೂರ್ತಿ ಇಳಿಸಿದರೆ ಕೇಬಲ್ ಸ್ವಲ್ಪ ಜೋಲುತ್ತದೆ ಅಷ್ಟೇ, ಎಲ್ ಸ್ಕ್ರೂ ಡಿರೇಲರನ್ನು ಅಲ್ಲೇ ಹಿಡಿದಿರುತ್ತದೆ. ಮತ್ತೆ ಏರಿಸುವಾಗ ಒಂದು ಸಲ ಹೆಚ್ಚಿಗೆ ಒತ್ತಬೇಕು.

ಇಷ್ಟು ರಗಳೆಯೇ ಬೇಡ ಅನ್ನುವವರಿಗೆ ಹೆಬ್ಬೆರಳಿನಿಂದ ತಳ್ಳುವ ಫ್ರಿಕ್ಷನ್ ಶಿಫ್ಟರ್ ಇದೆ. ಅದರಲ್ಲಿ ಕ್ಲಿಕ್ಕೇ ಇಲ್ಲ. ಎರಡು ರಿಂಗಾದರೂ ಮೂರಾದರೂ ನಡೆಯುತ್ತದೆ, ಚೈನ್ ಉಜ್ಜಿದರೆ ಕೂದಲೆಳೆಯಷ್ಟು ಸರಿಸಿಕೊಳ್ಳಬಹುದು. ಹಿಂದಿನ ಗೇರಿಗೆ ನಾನದನ್ನು ಹಾಕಲಾರೆ, ಮುಂದಕ್ಕಾದರೆ ಸಿಕ್ಕ ತಕ್ಷಣ ತೆಗೆದಿಟ್ಟುಕೊಳ್ಳುತ್ತೇನೆ.