ಕಕ್ಕಡದ ಮಳೆಯಲ್ಲಿ ಕುದುರೆಯ ಗೊರಸು

ಮಡಿಕೇರಿಯ ಸಮೀಪದ ನಮ್ಮ ಕಾಫಿ ತೋಟಕ್ಕೆ ಹೆಣ್ಣು ಕುದುರೆಯೊಂದನ್ನು ತಂದಾಗ ಹುಲ್ಲು, ಹುರುಳಿಗಳ ಬಗ್ಗೆ ಮಾಡಿದ್ದಷ್ಟು ಯೋಚನೆಯನ್ನು ಲಾಯದ ನೆಲದ ಬಗ್ಗೆ ನಾನು ಮಾಡಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹಿಡಿಯುವ ಈ ಸೀಮೆಯಲ್ಲಿ ಅದು ದೊಡ್ಡ ತಪ್ಪೆಂದು ಮೊದಲ ಕಕ್ಕಡದಲ್ಲಿಯೇ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ, ಜೋರು ಮಳೆಯ ಕೊಡವ ತಿಂಗಳು) ತಿಳಿಯಿತು.

ಒಂದು ಬೆಳಿಗ್ಗೆ ಹಿಂಗಾಲನ್ನು ಎತ್ತಿ ಹಿಡಿದು ಕೊಕ್ಕೆಯಿಂದ ಗೊರಸಿನ ಮಣ್ಣು ತೆಗೆಯುತ್ತಿದ್ದಾಗ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಗೊರಸಿನ ಅಡಿಯಲ್ಲಿ ತ್ರಿಕೋನಾಕಾರದ, ರಬ್ಬರಿನಂತೆ ಮಣಿಯುವ ಭಾಗವೊಂದಿದೆ. ಅದನ್ನು ಫ್ರಾಗ್ ಎನ್ನುತ್ತಾರೆ. ಅದರ ಎರಡೂ ಬದಿಯ ಸಂದುಗಳಲ್ಲಿ ಕಪ್ಪು ಲೋಳೆ ತುಂಬಿತ್ತು. ಕೊಕ್ಕೆ ತಾಗಿದೊಡನೆ ಕುದುರೆ ನೋವಿನಿಂದ ಕಾಲನ್ನು ಎಳೆದುಕೊಂಡಿತು. ಪಶುವೈದ್ಯರು ಇದನ್ನು ಥ್ರಷ್ ಎಂದು ಗುರುತಿಸಿದರು. ಲದ್ದಿ ಮತ್ತು ಮೂತ್ರದಲ್ಲಿ ನೆನೆದ, ಗಾಳಿಯಾಡದ ಸಂದುಗಳಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಆ ಭಾಗವನ್ನು ಕೊಳೆಯಿಸುತ್ತವೆ. ಅವರು ಸಡಿಲಗೊಂಡ ಪದರವನ್ನು ಕತ್ತರಿಸಿ ತೆಗೆದು, ದಿನವೂ ಗೊರಸನ್ನು ತೊಳೆದು ಒಣಗಿಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿನಲ್ಲಿ ಇಡುವಂತೆ ಹೇಳಿದರು. ಔಷಧ ಹಚ್ಚುವುದು ಸುಲಭ, ಒಣಗಿಸುವುದೇ ಕಷ್ಟ. ಬಚ್ಚಲ ಒಲೆಯ ಬಳಿ ಬೆಚ್ಚಗೆ ಮಾಡಿದ ಹಳೆಯ ಪಂಚೆಯ ತುಂಡುಗಳಿಂದ ಒತ್ತಿ ಒತ್ತಿ ಒರೆಸುತ್ತಿದ್ದೆ. ಗೊರಸಿನ ಗಾಯದಿಂದ ಧನುರ್ವಾಯು ತಗಲುವ ಅಪಾಯ ಕುದುರೆಗಳಿಗೆ ಬಹಳ ಹೆಚ್ಚು. ಅದರ ಲಸಿಕೆಯನ್ನು ಮೊದಲೇ ಹಾಕಿಸಿದ್ದುದು ಆ ದಿನಗಳಲ್ಲಿ ನನಗೆ ದೊಡ್ಡ ಸಮಾಧಾನವಾಗಿತ್ತು.

ವಾಸಿಯಾಗುತ್ತಾ ಬಂದಂತೆ ಲಾಯದ ನೆಲವನ್ನು ಎತ್ತರಿಸಿ, ನೀರು ಹಿಂದಕ್ಕೆ ಹರಿದುಹೋಗುವಂತೆ ಇಳಿಜಾರು ಕೊಟ್ಟು, ಚರಂಡಿ ತೆಗೆಸಿದೆ. ಭತ್ತದ ಹೊಟ್ಟನ್ನು ದಪ್ಪಗೆ ಹಾಸಿ, ಒದ್ದೆಯಾದ ಭಾಗವನ್ನು ಬೆಳಿಗ್ಗೆ ಸಂಜೆ ತೆಗೆಯುತ್ತೇವೆ. ಆರೆಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸುತ್ತೇವೆ.

ಮೇವಿನ ವಿಷಯದಲ್ಲಿ ನಾನು ಪಾಲಿಸುವ ನಿಯಮ ಒಂದೇ: ಬೂಷ್ಟು ಹಿಡಿದ ಹುಲ್ಲು ಎಷ್ಟೇ ಇದ್ದರೂ ಗೊಬ್ಬರದ ಗುಂಡಿಗೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲವಾದ್ದರಿಂದ ಕೆಟ್ಟ ಮೇವು ಅದರ ಹೊಟ್ಟೆಯಿಂದ ಹಿಂದಿರುಗದು. ಹೊಟ್ಟೆಶೂಲೆ ಪ್ರಾಣಕ್ಕೇ ಎರವಾಗಬಹುದು. ವಿಶ್ರಾಂತಿಯಲ್ಲಿರುವಾಗ ನಾಡಿ ನಿಮಿಷಕ್ಕೆ 28ರಿಂದ 44ರೊಳಗೆ ಇರಬೇಕು. ಕುದುರೆ ಮೇವು ತಿನ್ನದ ದಿನ ದವಡೆಯ ಕೆಳಗೆ ಬೆರಳಿಟ್ಟು ಅದನ್ನು ಎಣಿಸಿ ವೈದ್ಯರಿಗೆ ಫೋನ್ ಮಾಡುತ್ತೇನೆ.

ಮಳೆ ಬಿಡುವು ಕೊಟ್ಟಾಗ ಕೆಸರಿನ ಗದ್ದೆಗೆ ಬಿಡದೆ, ಜಲ್ಲಿ ಹಾಸಿದ ಅಂಗಳದಲ್ಲಿ ಅರ್ಧ ಗಂಟೆ ನಡೆಸುತ್ತೇನೆ. ಹೆಜ್ಜೆ ಊರಿದಾಗಲೆಲ್ಲ ಗೊರಸು ತುಸು ಹಿಗ್ಗಿ ಸಂದಿನ ಮಣ್ಣು ತಾನಾಗಿ ಉದುರುತ್ತದೆ.