ಮಾದರಿ ರೈಲಿನ ದಕ್ಕೆಗೆ ಸರಕು ಹಡಗನ್ನು ಕಟ್ಟುವ ಬಗೆ

ಶಿವಮೊಗ್ಗದಿಂದ ಹೊರಟ ಹಳಿ ಇಂದಿಗೂ ತಾಳಗುಪ್ಪದಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ಅದು ಘಟ್ಟವಿಳಿದು ಹೊನ್ನಾವರವನ್ನು ಸೇರಬೇಕೆಂಬುದು ಮಲೆನಾಡಿನವರ ಬಹುಕಾಲದ ಬೇಡಿಕೆ. ಸಾಗರದ ನಮ್ಮ ಮನೆಯ ಉಪ್ಪರಿಗೆಯಲ್ಲಿ ನಾನು ಆ ಮಾರ್ಗವನ್ನು 1:87 ಪ್ರಮಾಣದಲ್ಲಿ, 12 ಮಿಲಿಮೀಟರ್ ಅಗಲದ ಹಳಿಯ ಮೇಲೆ, ಹಳೆಯ ಮೀಟರ್ ಗೇಜ್ ಕಾಲದ ರೂಪದಲ್ಲಿ ಇಳಿಸಿದ್ದೇನೆ. ಮಾರ್ಗದ ಕೊನೆಯಲ್ಲಿ ಶರಾವತಿಯ ಅಳಿವೆಯೂ ಅದರ ಅಂಚಿಗೆ ಒಂದು ದಕ್ಕೆಯೂ ಇವೆ. ದಕ್ಕೆಯಿದ್ದು ಹಡಗಿಲ್ಲದಿದ್ದರೆ ಅಲ್ಲಿಯವರೆಗೆ ಬಂದ ವ್ಯಾಗನ್ನುಗಳಿಗೆ ಕೆಲಸವೇ ಇಲ್ಲದಂತಾಗುತ್ತದೆ. ಆದ್ದರಿಂದ ಹಡಗನ್ನು ಅಲಂಕಾರದ ವಸ್ತುವೆಂದು ತಿಳಿಯದೆ, ರೈಲಿನ ಸರಕನ್ನು ಮುಂದಕ್ಕೆ ಒಯ್ಯುವ ವಾಹನವೆಂದು ತಿಳಿದು ಕಟ್ಟಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತೀರ್ಮಾನವಾಗಬೇಕಾದದ್ದು ಹಡಗಿನ ಉದ್ದ. ನವ ಮಂಗಳೂರು ಬಂದರಿಗೆ ಬರುವಂತಹ 190 ಮೀಟರಿನ ಅದಿರು ಹಡಗನ್ನು 1:87ಕ್ಕೆ ಇಳಿಸಿದರೂ ಅದು 2 ಮೀಟರ್ 18 ಸೆಂಟಿಮೀಟರ್ ಆಗುತ್ತದೆ. 1:160ರ ಎನ್ ಪ್ರಮಾಣದಲ್ಲಿಯೂ 1 ಮೀಟರ್ 19 ಸೆಂಟಿಮೀಟರ್ ಬೇಕು. ಹೊನ್ನಾವರದ ಅಳಿವೆಯಲ್ಲಿ ಮರಳು ತುಂಬಿರುವುದರಿಂದ ಅಂತಹ ಹಡಗು ಅಲ್ಲಿಗೆ ಬರಲಾರದೆಂಬುದು ನಮಗೆ ಅನುಕೂಲವೇ ಆಯಿತು. ಕರಾವಳಿಯಗುಂಟ ಓಡಾಡುವ 65 ಮೀಟರಿನ ಸಣ್ಣ ಸರಕು ಹಡಗು 75 ಸೆಂಟಿಮೀಟರಿಗೆ ಇಳಿಯುತ್ತದೆ. ಜಾಗ ಇನ್ನೂ ಕಡಿಮೆಯಿದ್ದರೆ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮರದ ಮಂಜಿಯನ್ನು ಆರಿಸಿಕೊಳ್ಳಬಹುದು. 25 ಮೀಟರಿನ ಮಂಜಿಗೆ 29 ಸೆಂಟಿಮೀಟರ್ ಸಾಕು.

ಎಪ್ಪತ್ತೈದು ಸೆಂಟಿಮೀಟರಿಗೂ ಜಾಗವಿಲ್ಲದಿದ್ದಾಗ ಹಡಗನ್ನು ಮೊಟಕುಗೊಳಿಸಬೇಕಾಗುತ್ತದೆ, ಆದರೆ ಎಲ್ಲವನ್ನೂ ಒಂದೇ ಸಮನೆ ಕುಗ್ಗಿಸುವುದು ತಪ್ಪು. ಕಣ್ಣು ಹಡಗಿನ ಉದ್ದವನ್ನು ಅಳೆಯುವುದಕ್ಕಿಂತ ಮೊದಲು ಬಾಗಿಲು, ಏಣಿ, ಕಟಾಂಜನಗಳನ್ನು ಪಕ್ಕದಲ್ಲಿರುವ ಮನುಷ್ಯನೊಂದಿಗೆ ಹೋಲಿಸಿ ನೋಡುತ್ತದೆ. ಆದ್ದರಿಂದ ಮನುಷ್ಯನ ಕೈಕಾಲಿಗೆ ಸಿಗುವ ಯಾವ ಭಾಗವನ್ನೂ ಕಿರಿದು ಮಾಡಬಾರದು: 1.1 ಮೀಟರ್ ಎತ್ತರದ ಕಟಾಂಜನ ಸುಮಾರು 12.5 ಮಿಲಿಮೀಟರ್ ಇರಲೇಬೇಕು, ಹಾಗೆಯೇ ಮೂತಿಯ ಬಾಗು, ಹಿಂಬದಿಯ ದುಂಡು ಮತ್ತು ಚಾಲಕನ ಕೋಣೆಯ ಎತ್ತರ ಪ್ರಮಾಣಬದ್ಧವಾಗಿಯೇ ಉಳಿಯಬೇಕು. ಕತ್ತರಿಸಬೇಕಾದದ್ದು ನಡುವಿನ ನೇರವಾದ ಒಡಲನ್ನು ಮಾತ್ರ. ನಾನು ಮೂರು ಸರಕು ಕೋಣೆಗಳಿದ್ದ ಕಡೆ ಎರಡನ್ನು ಉಳಿಸಿಕೊಂಡು ಹಡಗನ್ನು 56 ಸೆಂಟಿಮೀಟರಿಗೆ ತಂದೆ. ನೋಡಲು ಬಂದವರಲ್ಲಿ ಯಾರಿಗೂ ಒಂದು ಕೋಣೆ ಮಾಯವಾದದ್ದು ಗೋಚರಿಸಲಿಲ್ಲ.

ನೀರಿನ ಕೆಳಗಿನ ಭಾಗ ಕಾಣುವುದಿಲ್ಲವಾದ್ದರಿಂದ ಒಡಲನ್ನು ನೀರ್ಮಟ್ಟದ ಗೆರೆಯಿಂದ ಮೇಲಕ್ಕೆ ಮಾತ್ರ ಕಟ್ಟಿದರೆ ಸಾಕು. ನನ್ನ ಮೊದಲ ಹಡಗಿನ ಒಡಲನ್ನು ಎಂಡಿಎಫ್ ಹಲಗೆಯಲ್ಲಿ ಮಾಡಿದ್ದೆ. ಮೊದಲ ಮಳೆಗಾಲದ ಥಂಡಿಗೇ ಅದು ಅಂಚಿನಲ್ಲಿ ಉಬ್ಬಿ, ಬಣ್ಣ ಬಿರುಕುಬಿಟ್ಟು, ಎರಡು ತಿಂಗಳ ಕೆಲಸ ವ್ಯರ್ಥವಾಯಿತು. ಮಲೆನಾಡಿನಲ್ಲಿ ಈ ಹವ್ಯಾಸ ಇಟ್ಟುಕೊಂಡವರು ಎಂಡಿಎಫ್ ಮತ್ತು ದಪ್ಪ ರಟ್ಟನ್ನು ಹಡಗಿಗೆ ಬಳಸಲೇಬಾರದೆಂದು ನಾನು ಕೇಳಿಕೊಳ್ಳುತ್ತೇನೆ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಉಳಿಕೆ ತುಂಡುಗಳಾಗಿ ಸಿಗುವ ಪಿವಿಸಿಯ ಸನ್‌ಬೋರ್ಡ್ ನೀರು ಹೀರುವುದಿಲ್ಲ. ಅದನ್ನು ಪದರ ಪದರವಾಗಿ ಅಂಟಿಸಿ ನಡುವಿನ ಒಡಲನ್ನು ಮಾಡಿಕೊಳ್ಳಬಹುದು. ಮೂತಿಗೂ ಹಿಂಬದಿಗೂ ಮಾತ್ರ ಮರವೇ ಬೇಕು, ಏಕೆಂದರೆ ಎರಡು ದಿಕ್ಕಿಗೆ ಬಾಗುವ ಮೈಯನ್ನು ಹಾಳೆಯಿಂದ ತರುವುದು ಕಷ್ಟ. ಸಾಗರ, ಸೊರಬಗಳ ಗುಡಿಗಾರರು ಕೆತ್ತನೆಗೆ ಬಳಸುವ ಶಿವನೆ ಮರ ಹಗುರವೂ ಮೃದುವೂ ಆಗಿದ್ದು, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಅರ್ಧ ಮೂತಿಯ ರಟ್ಟಿನ ಅಚ್ಚೊಂದನ್ನು ಕತ್ತರಿಸಿಕೊಂಡು, ಎಡಕ್ಕೂ ಬಲಕ್ಕೂ ಅದನ್ನೇ ತಿರುಗಿಸಿ ಹಿಡಿದು ನೋಡುತ್ತಾ ಕೆತ್ತಿದರೆ ಎರಡು ಪಕ್ಕಗಳೂ ಸಮನಾಗಿ ಬರುತ್ತವೆ.

ಬಣ್ಣಕ್ಕೆ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ಹಡಗು ತುಂಬಿದೆಯೋ, ಬರಿದಾಗಿದೆಯೋ? ಬರಿದಾದ ಹಡಗು ಮೇಲೆದ್ದು ತನ್ನ ಕೆಂಪು ಅಡಿಯನ್ನು ತೋರಿಸುತ್ತದೆ, ತುಂಬಿದ್ದು ಮುಳುಗಿ ಕಪ್ಪು ಮೈಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಎರಡು ಮೀಟರಿನ ಈ ವ್ಯತ್ಯಾಸ ಮಾದರಿಯಲ್ಲಿ 23 ಮಿಲಿಮೀಟರ್ ಆಗುವುದರಿಂದ ಮರೆಮಾಡಲು ಬರುವುದಿಲ್ಲ. ನನ್ನ ಮಾರ್ಗದಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸರಕೂ, 1936ರಲ್ಲಿ ಸ್ಥಾಪನೆಯಾದ ಅಲ್ಲಿಯ ಕಾಗದ ಕಾರ್ಖಾನೆಯ ಸುರುಳಿಗಳೂ ಇಳಿದು ಬರುತ್ತವೆಂದು ಕಲ್ಪಿಸಿಕೊಂಡಿದ್ದೇನೆ. ಹೀಗಾಗಿ ಹಡಗು ಅರ್ಧ ತುಂಬಿದ ಸ್ಥಿತಿಯಲ್ಲಿದೆ, ಒಂದು ಕೋಣೆಯ ಮುಚ್ಚಳ ತೆರೆದಿದೆ, ಒಳಗೆ ಕಾಗದದ ಸುರುಳಿಗಳು ಕಾಣುತ್ತವೆ, ಕೆಂಪು ಪಟ್ಟಿ ಒಂದು ಸೆಂಟಿಮೀಟರಿನಷ್ಟು ಮಾತ್ರ ಹೊರಗಿದೆ. ಆ ಪಟ್ಟಿಗೆ ರೆಡ್ ಆಕ್ಸೈಡ್ ಬಣ್ಣವೇ ಸರಿಹೊಂದುತ್ತದೆ. ತುಕ್ಕಿಗೆ ಜಂಬಿಟ್ಟಿಗೆಯ ಪುಡಿಯನ್ನು ಹತ್ತಿಬಟ್ಟೆಯಲ್ಲಿ ಸೋಸಿ ಒಣ ಕುಂಚದಿಂದ ಹಚ್ಚುತ್ತೇನೆ; ಆ ಕಲ್ಲಿನ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಅದನ್ನು ಲಂಗರಿನ ಕೆಳಗೆ ಮತ್ತು ಡೆಕ್ಕಿನ ನೀರು ಹೊರಬೀಳುವ ತೂತುಗಳ ಕೆಳಗೆ ನೇರವಾಗಿ ಇಳಿಬಿಡಬೇಕೇ ಹೊರತು ಮೈಗೆಲ್ಲ ಬಳಿಯಬಾರದು.

ನೀರನ್ನು ಹಡಗಿಗಿಂತ ಮೊದಲು ಮಾಡಿ ಮುಗಿಸಬೇಕು. ಒಡಲನ್ನು ಇಟ್ಟುಕೊಂಡು ಸುತ್ತ ರಾಳ ಸುರಿದರೆ ಅದು ಒಡಲಿನ ಮೈಯನ್ನೇರಿ ಅಸಹ್ಯವಾದ ಅಂಚನ್ನು ಬಿಡುತ್ತದೆ, ಮುಂದೆ ಹಡಗನ್ನು ಎತ್ತಲೂ ಬರುವುದಿಲ್ಲ. ಹಲಗೆಗೆ ಹಸಿರುಮಿಶ್ರಿತ ಕಂದು ಬಣ್ಣ ಬಳಿದು, ಮೇಲೆ ಹೊಳಪಿನ ಅಕ್ರಿಲಿಕ್ ಜೆಲ್ಲನ್ನು ತೆಳುವಾಗಿ ಹಲವು ಸಲ ಹಚ್ಚಿ, ಒಣಗಿದ ಮೇಲೆ ಹಡಗನ್ನು ಅಂಟಿಸದೆ ಇಡಬೇಕು. ದೀಪಾವಳಿ ಕಳೆದು ಗಾಳಿ ಒಣಗುವವರೆಗೆ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು, ಏಕೆಂದರೆ ತೇವದಲ್ಲಿ ಜೆಲ್ ಬಿಳಿಚಿಕೊಂಡೇ ಉಳಿಯುತ್ತದೆ.

ದಕ್ಕೆಯ ಹಳಿ ಹಡಗಿಗೆ ಸಮಾಂತರವಾಗಿರಬೇಕು, ಹಾಗೂ ಹಡಗಿನ ಸರಕೆತ್ತುವ ತೋಳನ್ನು ಹೊರಕ್ಕೆ ತಿರುಗಿಸಿದಾಗ ಅದರ ತುದಿ ವ್ಯಾಗನ್ನಿನ ನಡುವಿಗೆ ಸರಿಯಾಗಿ ಬರುವಷ್ಟು ಸಮೀಪದಲ್ಲಿರಬೇಕು. ಹಳಿ ಹಾಕಿಯಾದ ಮೇಲೆ ಇದನ್ನು ತಿದ್ದುವುದು ದುಃಖದ ಕೆಲಸ, ಆದ್ದರಿಂದ ರಟ್ಟಿನ ಹಡಗೊಂದನ್ನು ಇಟ್ಟು ಮೊದಲೇ ನೋಡಿಕೊಳ್ಳಿರಿ. ಹಿನ್ನೆಲೆಯ ಗೋಡೆಯ ಬಳಿ 1:350ರ ಚಿಕ್ಕ ಹಡಗೊಂದನ್ನು ಇಟ್ಟು, ಅದರ ಬಣ್ಣಗಳಿಗೆ ಬೂದು ಬೆರೆಸಿ ಮಂಕು ಮಾಡಿದರೆ ಅದು ದಕ್ಕೆಯ ಹಡಗಿಗಿಂತ ನಾಲ್ಕು ಪಟ್ಟು ದೂರದಲ್ಲಿ ಲಂಗರು ಹಾಕಿದಂತೆ ತೋರುತ್ತದೆ.

ಕಡೆಯದು ಹಗ್ಗಗಳು. ಹೊಲಿಗೆಯ ದಾರವನ್ನು ಜೇನುಮೇಣದ ಮೇಲೆ ಎಳೆದರೆ ಅದರ ನವಿರು ಕೂತು ಹಗ್ಗದಂತೆ ಕಾಣುತ್ತದೆ. ಮೂತಿಯಿಂದ ಒಂದು ಮುಂದಕ್ಕೆ, ಹಿಂಬದಿಯಿಂದ ಒಂದು ಹಿಂದಕ್ಕೆ, ಹಡಗು ಮುಂದೆ ಹಿಂದೆ ಸರಿಯದಂತೆ ಇನ್ನೆರಡು ಎದುರುಬದುರಾಗಿ ಓರೆಯಾಗಿ ಹೋಗಬೇಕು. ದಕ್ಕೆಯ ಗೂಟಕ್ಕೆ ಹಗ್ಗದ ಕುಣಿಕೆಯನ್ನು ಬರಿದೇ ಸಿಕ್ಕಿಸಿದರೆ ಸಾಕು, ಅಂಟು ಬೇಡ. ಆಗ ಮಳೆಗಾಲ ಹಿಡಿಯುವ ಮೊದಲು ಹಡಗನ್ನು ಬಿಚ್ಚಿ, ಒರೆಸಿ, ಮುಚ್ಚಿದ ಡಬ್ಬಿಯಲ್ಲಿ ಎತ್ತಿಡಲು ಬರುತ್ತದೆ.