ಹೆಸರಿಲ್ಲದ ಕ್ರಾಸಿಗೆ ಹೆಸರು ಹುಡುಕುವ ಕೆಲಸ

ಮೊದಲ ಮಹಾಯುದ್ಧದ ಜರ್ಮನ್ ಶೌರ್ಯ ಪದಕ ಐರನ್ ಕ್ರಾಸ್ ಅಂದರೆ ಊರಿನ ಗೆಳೆಯರು ಬಾಯಿ ಬಿಡುತ್ತಾರೆ. ನಿಜ ಹೇಳಬೇಕೆಂದರೆ ಅದು ಅಪರೂಪದ್ದೇನಲ್ಲ. ಎರಡನೇ ದರ್ಜೆಯದ್ದನ್ನೇ 50 ಲಕ್ಷದಷ್ಟು ಹಂಚಿದ್ದರು ಅಂತ ಅಂದಾಜು. ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟಿನ ಹಳೇ ಸಾಮಾನಿನ ಸಂತೆಯಲ್ಲೂ ಸಿಗುತ್ತದೆ. ಅದು ಯಾರದ್ದು ಅಂತ ಗೊತ್ತಿರುವುದೇ ಅಪರೂಪ. ಬ್ರಿಟಿಷರ ವಾರ್ ಮೆಡಲ್ ಆದರೆ ಅಂಚಿನಲ್ಲಿ ಹೆಸರಿರುತ್ತದೆ, ನಮ್ಮ ಸಿಪಾಯಿಗಳದ್ದಕ್ಕೂ. ಇದರಲ್ಲಿ ಹೆಸರಿಲ್ಲ. ರಿಬ್ಬನ್ ಪೋಣಿಸುವ ಬಳೆಯ ಮೇಲೆ ತಯಾರಕರ ಪುಟ್ಟ ಮುದ್ರೆ ಇದ್ದರೆ ಅದೇ ದೊಡ್ಡದು.

ಹಾಗಾಗಿ ನಾನು ಮೊದಲು ನೋಡುವುದು ಕಾಗದ. ಸೈನಿಕನ ಮಿಲಿಟೇರ್‌ಪಾಸ್, ಅಂದರೆ ಅವನ ಸೇವೆಯ ವಿವರ ಬರೆದ ಪುಸ್ತಿಕೆ, ಜೊತೆಗಿರಬೇಕು. ಅದೂ ಆಗ ತಮ್ಮದೇ ಸೈನ್ಯವಿದ್ದ ಜರ್ಮನ್ ರಾಜ್ಯಗಳಾದ ವುರ್ಟೆಂಬರ್ಗ್ ಅಥವಾ ಬವೇರಿಯಾದವನದ್ದಾದರೆ ಇನ್ನೂ ಒಳ್ಳೆಯದು. ಇನ್ನೊಂದು ಜರ್ಮನ್ ರಾಜ್ಯ ಪ್ರಷ್ಯಾದ ಸೈನ್ಯದ ದಾಖಲೆಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ವುರ್ಟೆಂಬರ್ಗಿನವು ಸ್ಟುಟ್‌ಗಾರ್ಟಿನಲ್ಲಿ, ಬವೇರಿಯಾದವು ಮ್ಯೂನಿಕ್ಕಿನಲ್ಲಿ ಉಳಿದಿವೆ. ತಾಳೆ ನೋಡಲು ಏನಾದರೂ ಇರಬೇಕಲ್ವಾ?

ಕ್ರಾಸಿನ ಪರೀಕ್ಷೆ ಬೇಗ ಮುಗಿಯುತ್ತದೆ. ನಡುವಿನ ಕಪ್ಪು ಭಾಗ ಕಬ್ಬಿಣ, ಮ್ಯಾಗ್ನೆಟ್ಟಿಗೆ ಅಂಟಬೇಕು. ಸುತ್ತಲ ಬೆಳ್ಳಿಯ ಚೌಕಟ್ಟು ಎರಡು ಹಾಳೆ ಸೇರಿಸಿ ಮಾಡಿದ್ದು. ಭೂತಗನ್ನಡಿ ಹಿಡಿದರೆ ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಆ ಗೆರೆ ಇರುವುದಿಲ್ಲ.

ಪಾಸ್ ಓದುವುದೇ ತಾಪತ್ರಯ. ಎಲ್ಲ ಕುರೆಂಟ್ ಅನ್ನುವ ಹಳೇ ಜರ್ಮನ್ ಕೈಬರಹ. ಅದರಲ್ಲಿ ‘ಇ’ (e) ನೋಡಿದರೆ ‘ಎನ್’ (n) ಅನ್ನಿಸುತ್ತದೆ. ಈಗ ನನ್ನ ಹತ್ತಿರವಿರುವ ಒಂದು ಸೆಟ್ಟಿನಲ್ಲಿ ಕ್ರಾಸ್, ಗಾಯಾಳುವಿನ ಕಪ್ಪು ಬಿಲ್ಲೆ, ಪಾಸ್ ಮೂರೂ ಇವೆ. ಕಪ್ಪು ಬಿಲ್ಲೆ ಒಂದು ಅಥವಾ ಎರಡು ಸಲ ಗಾಯವಾದವರಿಗೆ, 1918ರ ಮಾರ್ಚಿನಲ್ಲಿ ಶುರುವಾದದ್ದು. ಆಗ ಅಚ್ಚಾದ ಸಾವುನೋವಿನ ಪಟ್ಟಿಗಳನ್ನು ಈಗ ಇಂಟರ್‌ನೆಟ್ಟಿನಲ್ಲೇ ಹುಡುಕಬಹುದು. ಅಲ್ಲಿ ಈ ಸೈನಿಕನ ಹೆಸರು, ಹಳ್ಳಿ, ಮುಂದೆ ‘ಲಘು ಗಾಯ’ ಅಂತ ಸಿಕ್ಕಿತು. ಪಾಸಿನಲ್ಲೂ ಅದೇ ಹಳ್ಳಿ. ಕ್ರಾಸ್ ಕೊಟ್ಟ ಸಾಲಿನ ಶಾಯಿ, ಕೈಬರಹ ಎರಡೂ ಹಿಂದುಮುಂದಿನ ಸಾಲುಗಳಿಗೆ ಹೊಂದುತ್ತವೆ. ಇದನ್ನು ನೋಡಲೇಬೇಕು, ಯಾಕೆಂದರೆ ಖಾಲಿ ಜಾಗದಲ್ಲಿ ಆಮೇಲೆ ಒಂದು ಸಾಲು ಸೇರಿಸುವುದು ಸುಲಭ.

ಹಿಂಡನ್‌ಬರ್ಗ್ ಕ್ರಾಸಿನ ಪತ್ರಗಳನ್ನೂ ಕೂಡಿಸುತ್ತೇನೆ. ಹಳೇ ಯೋಧರಿಗೆ ಅಂತ 1934ರ ಜುಲೈ 13ರಂದು ಆಗಿನ ಜರ್ಮನ್ ಅಧ್ಯಕ್ಷ ಹಿಂಡನ್‌ಬರ್ಗ್ ಇದನ್ನು ಶುರು ಮಾಡಿದ. ಆಗಸ್ಟ್ 2ಕ್ಕೆ ಸತ್ತ. ಪತ್ರಗಳು ಹೊರಟದ್ದು ‘ಫ್ಯೂರರ್ ಹೆಸರಿನಲ್ಲಿ’, ಅಂದರೆ ಹಿಟ್ಲರನ ಹೆಸರಿನಲ್ಲಿ. ಯುದ್ಧದಲ್ಲಿ ಹೋರಾಡಿದ್ದ ಯೆಹೂದಿಗಳಿಗೂ ಅದೇ ಪತ್ರ, ಅದೇ ಸಾಲು. ಇಂಥ ಪತ್ರಕ್ಕೆ ಬೆಲೆ ಜಾಸ್ತಿ, ಆದ್ದರಿಂದ ಅನುಮಾನವೂ ಜಾಸ್ತಿ. ದಾಖಲೆಯಲ್ಲಿ ಹೆಸರು ಸಿಗುವವರೆಗೂ ದುಡ್ಡು ಬಿಚ್ಚುವುದಿಲ್ಲ. ನಾಜಿಗಳ ಸ್ವಸ್ತಿಕದ ಬಿಲ್ಲೆಗಳಿಗೆ ಕೈಯೇ ಹಾಕುವುದಿಲ್ಲ. ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸಲು ಇಲ್ಲಿ ಕಾನೂನಿನ ತಡೆ ಇದೆ. ಅದಿಲ್ಲದಿದ್ದರೂ ನನಗೆ ಬೇಡ.

ಬಿಡಿಬಿಡಿಯಾಗಿ ಮಾರಿದರೆ ವ್ಯಾಪಾರಿಗೆ ಲಾಭ ಹೆಚ್ಚು. ಕ್ರಾಸ್ ಒಬ್ಬರಿಗೆ, ಪಾಸ್ ಇನ್ನೊಬ್ಬರಿಗೆ. ಅದಕ್ಕೇ ದುಡ್ಡು ಕೊಡುವ ಮೊದಲೇ ಡಬ್ಬಿಯಲ್ಲಿರುವ ಎಲ್ಲದರ ಫೋಟೋ ತೆಗೆಯುತ್ತೇನೆ. ಎಲ್ಲಿಂದ ತಂದಿರಿ ಅನ್ನುವುದನ್ನು ರಸೀದಿಯ ಹಿಂದೆ ಬರೆಸಿಕೊಳ್ಳುತ್ತೇನೆ. ಬರೆಯಲು ಹಿಂದೇಟು ಹಾಕಿದರೆ ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ಹೋಗುತ್ತೇನೆ.